ರಿಯೇತಿಯ ಕೂಸು, ರೋಮಿನ ಕಾಗದಗಳು

1848ರ ಮೇ ತಿಂಗಳ ವರದಿಯಾದ ಮೇಲೆ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ನಕ್ಷತ್ರದ ಗುರುತು ಹೊತ್ತ ಇಟಲಿಯ ವರದಿಗಳು ಬರುವುದು ನಿಂತಿತು. ಬರೆಯಲು ವಿಷಯವಿರಲಿಲ್ಲ ಎನ್ನುವಂತಿಲ್ಲ. ಮಾರ್ಚಿನಲ್ಲಿ ಮಿಲಾನಿನ ಜನ ಐದು ದಿನ ಬೀದಿ ಕಾಳಗ ನಡೆಸಿ ಆಸ್ಟ್ರಿಯಾದ ಸೈನ್ಯವನ್ನು ಊರಾಚೆ ಅಟ್ಟಿದ್ದರು. ಆಗಸ್ಟಿನಲ್ಲಿ ಅದೇ ಸೈನ್ಯ ತಿರುಗಿ ಬಂದು ಮಿಲಾನನ್ನು ಹಿಡಿಯಿತು. ಇಡೀ ಇಟಲಿ ಕುದಿಯುತ್ತಿತ್ತು. ಆದರೂ ನಕ್ಷತ್ರದ ಗುರುತಿನ ಮುಂದಿನ ವರದಿ ಹೊತ್ತ ತಾರೀಕು ಡಿಸೆಂಬರ್ 2. ರೋಮಿನಲ್ಲಿ ಪೋಪನ ಮಂತ್ರಿ ಪೆಲ್ಲೆಗ್ರೀನೊ ರೊಸ್ಸಿಯನ್ನು ಇರಿದು ಕೊಂದದ್ದು, ಪೋಪ್ ಒಂಬತ್ತನೆಯ ಪಿಯುಸ್ ವೇಷ ಮರೆಸಿಕೊಂಡು ಗಾಯೆತಾಗೆ ಓಡಿಹೋದದ್ದು, ಎಲ್ಲವೂ ಅದರಲ್ಲಿತ್ತು. ನಡುವಿನ ತಿಂಗಳುಗಳಲ್ಲಿ ಬರೆಯುವಾಕೆ ಗಂಡುಮಗುವಿಗೆ ತಾಯಿಯಾಗಿದ್ದಳು ಎಂಬುದು ಅದರಲ್ಲಿರಲಿಲ್ಲ. ಪತ್ರಿಕೆಯಲ್ಲಿ ಅದನ್ನು ಬರೆಯುವವರು ಯಾರು? ವಿಚಿತ್ರವೆಂದರೆ, ತಿಂಗಳಿಗೆ ನಾಲ್ಕಾರು ಬಾರಿ ಗೆಳೆಯರಿಗೂ ಮನೆಯವರಿಗೂ ಬರೆಯುತ್ತಿದ್ದ ಕಾಗದಗಳಲ್ಲೂ ಅದು ಇರಲಿಲ್ಲ.

ಆಕೆ ಮಾರ್ಗರೆಟ್ ಫುಲರ್. ಅಮೆರಿಕದ ಸಾಹಿತ್ಯ ಓದಿದವರಿಗೆ ಎಮರ್ಸನ್ ಮತ್ತು ತೊರೋ ಬಳಗದ ಹೆಸರಾಗಿ ಪರಿಚಿತಳು. 1810ರ ಮೇ 23ರಂದು ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಹುಟ್ಟಿದಳು. ವಕೀಲನಾಗಿದ್ದ ತಂದೆ ಆರನೇ ವಯಸ್ಸಿಗೇ ಲ್ಯಾಟಿನ್ ಹಿಡಿಸಿದ. 1835ರಲ್ಲಿ ಆತ ಕಾಲರಾಕ್ಕೆ ಬಲಿಯಾದಾಗ ಹಿರಿಮಗಳ ಹೆಗಲಿಗೆ ಸಂಸಾರದ ಭಾರ ಬಿತ್ತು. ಪಾಠ ಹೇಳಿ, ಅನುವಾದ ಮಾಡಿ ತಮ್ಮ ತಂಗಿಯರನ್ನು ಓದಿಸಿದಳು. ಆ ಬಳಗದ 'ದಿ ಡಯಲ್' ಪತ್ರಿಕೆಯ ಮೊದಲ ಸಂಪಾದಕಿ ಆಕೆಯೇ. 1845ರಲ್ಲಿ ಹೆಂಗಸರ ಸ್ಥಿತಿಗತಿಯ ಬಗ್ಗೆ ಬರೆದ ಪುಸ್ತಕ ದೊಡ್ಡ ಗದ್ದಲ ಎಬ್ಬಿಸಿತು. ಅಷ್ಟರಲ್ಲಿ 'ಟ್ರಿಬ್ಯೂನ್'ನ ಹೊರೇಸ್ ಗ್ರೀಲಿ ಆಕೆಯನ್ನು ನ್ಯೂಯಾರ್ಕಿಗೆ ಕರೆಸಿಕೊಂಡು ಸಾಹಿತ್ಯ ವಿಮರ್ಶೆಯ ಕೆಲಸ ಕೊಟ್ಟಿದ್ದ.

ಆಕೆಯ ಬದುಕಿನಲ್ಲಿ ಮಕ್ಕಳು ಬಹಳ ಮೊದಲಿನಿಂದ ಇದ್ದರು, ಎಲ್ಲರೂ ಬೇರೆಯವರ ಮಕ್ಕಳು. ಎಮರ್ಸನ್ನನ ಮಗ ವಾಲ್ಡೊ ಎಂದರೆ ಪ್ರಾಣ. 1842ರಲ್ಲಿ ಆ ಐದು ವರ್ಷದ ಹುಡುಗ ಜ್ವರದಿಂದ ತೀರಿಕೊಂಡ. ನ್ಯೂಯಾರ್ಕಿನಲ್ಲಿ ಗ್ರೀಲಿಯ ಮನೆಯಲ್ಲೇ ಆಕೆಯ ವಾಸ, ಅಲ್ಲಿ ಪಿಕ್ಕಿ ಎಂದು ಕರೆಯುತ್ತಿದ್ದ ಅವರ ಪುಟ್ಟ ಮಗ. 1846ರ ಆಗಸ್ಟ್ 1ರಂದು 'ಕೇಂಬ್ರಿಯ' ಹಡಗು ಹತ್ತಿ ಯೂರೋಪಿಗೆ ಹೊರಟದ್ದು ಕೂಡ ಒಂದು ಮಗುವಿನ ನೆಪದಲ್ಲೇ. ಮಾರ್ಕಸ್ ಮತ್ತು ರೆಬೆಕಾ ಸ್ಪ್ರಿಂಗ್ ಎಂಬ ಅನುಕೂಲಸ್ಥ ದಂಪತಿ ತಮ್ಮ ಮಗ ಎಡ್ಡಿಗೆ ದಾರಿಯುದ್ದಕ್ಕೂ ಪಾಠ ಹೇಳಲೆಂದು ಕರೆದೊಯ್ದರು. ಪತ್ರಿಕೆಗೆ ವರದಿ ಕಳಿಸುವ ಕೆಲಸ ಬೇರೆ. ಅಮೆರಿಕದ ಪತ್ರಿಕೆಯೊಂದರ ಮೊದಲ ಮಹಿಳಾ ವಿದೇಶ ವರದಿಗಾರ್ತಿ ಎಂದು ಇಂದು ಆಕೆಯನ್ನು ಕರೆಯುತ್ತಾರೆ.

ಲಂಡನ್ನಿನಲ್ಲಿ ದೇಶಭ್ರಷ್ಟನಾಗಿದ್ದ ಇಟಲಿಯ ಕ್ರಾಂತಿಕಾರಿ ಮಾಟ್ಸೀನಿ ಸಿಕ್ಕಿದ. ಬೀದಿಯಲ್ಲಿ ವಾದ್ಯ ನುಡಿಸಿ ಭಿಕ್ಷೆ ಬೇಡುತ್ತಿದ್ದ ಇಟಲಿಯ ಬಡ ಹುಡುಗರಿಗೆ ಆತ ಅಲ್ಲೊಂದು ಸಂಜೆ ಶಾಲೆ ನಡೆಸುತ್ತಿದ್ದ. ಫುಲರ್ ಅದನ್ನು ನೋಡಿ ಬಂದು ಬರೆದಳು. ಪ್ಯಾರಿಸ್ಸಿನಲ್ಲಿ ಕಾದಂಬರಿಕಾರ್ತಿ ಜಾರ್ಜ್ ಸ್ಯಾಂಡ್ ಮತ್ತು ಪೋಲೆಂಡಿನ ಕವಿ ಮಿಕಿಯೆವಿಚ್ ಪರಿಚಯವಾದರು. 1847ರ ವಸಂತದಲ್ಲಿ ರೋಮ್. ಈಸ್ಟರ್ ಹೊತ್ತಿನ ಜನಜಂಗುಳಿಯಲ್ಲಿ, ಸಂತ ಪೀಟರನ ಮಹಾ ಇಗರ್ಜಿಯಲ್ಲಿ ಸ್ಪ್ರಿಂಗ್ ದಂಪತಿಯಿಂದ ತಪ್ಪಿಸಿಕೊಂಡಾಗ ನೆರವಿಗೆ ಬಂದ ತರುಣನ ಹೆಸರು ಜೊವಾನ್ನಿ ಆಂಜೆಲೊ ಒಸ್ಸೋಲಿ. ಆಕೆಗಿಂತ ಹತ್ತು ವರ್ಷಕ್ಕೂ ಮೇಲೆ ಚಿಕ್ಕವನು. ಹಳೆಯ ಸಾಮಂತ ಮನೆತನ, ಕೈಯಲ್ಲಿ ಕಾಸಿಲ್ಲ, ಅಣ್ಣಂದಿರೆಲ್ಲ ಪೋಪನ ಚಾಕರಿಯಲ್ಲಿ. ಸ್ಪ್ರಿಂಗ್ ಕುಟುಂಬ ಮುಂದೆ ಹೋಯಿತು. ಫುಲರ್ ಅಕ್ಟೋಬರಿನಲ್ಲಿ ಒಬ್ಬಳೇ ರೋಮಿಗೆ ಮರಳಿದಳು.

ಆಮೇಲಿನ ಎರಡು ಮುಕ್ಕಾಲು ವರ್ಷದ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಓದಿದರೆ ಎರಡು ಕಥೆಗಳು ಹೆಣೆದುಕೊಂಡು ಹೋಗುತ್ತವೆ. ಒಂದು ಯುದ್ಧದ್ದು, ಅದನ್ನು ಆಕೆ ಲೋಕಕ್ಕೆಲ್ಲ ಹೇಳಿದಳು. ಇನ್ನೊಂದು ಮಗುವಿನದ್ದು, ಅದು ಯಾರಿಗೆ, ಯಾವಾಗ, ಎಷ್ಟು ಎಂದು ಅಳೆದು ಹೇಳಿದ್ದು. ನನಗೆ ಈ ಎರಡನೆಯದರ ಲೆಕ್ಕಾಚಾರವೇ ಹೆಚ್ಚು ಕುತೂಹಲದ್ದು. ಹೊರನಾಡಿನಲ್ಲಿ ಕೂತು ಊರಿನ ಸ್ನೇಹಿತರಿಗೆ ಬರೆಯುವವರು ಯಾವಾಗಲೂ ಏನನ್ನೋ ಬಚ್ಚಿಡುತ್ತಾರೆ. ಬಾಸ್ಟನ್ನಿನಿಂದ ಉತ್ತರ ಬರುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತಿತ್ತು; ಅಷ್ಟರಲ್ಲಿ ಕೇಳಿದ ಪ್ರಶ್ನೆಯೇ ಹಳಸಿರುತ್ತಿತ್ತು.

1848ರ ಜನವರಿಯಲ್ಲಿ ಆಪ್ತ ಗೆಳತಿ ಕೆರೊಲಿನ್ ಸ್ಟರ್ಜಿಸ್ ಟಾಪನ್‌ಗೆ ಒಂದು ಕಾಗದ ಹೋಯಿತು. ಮುಂದಿನ ದಿನಗಳ ಮೇಲೆ ಏನೋ ಭಾರ ಕವಿಯುತ್ತಿದೆ, ಪಾರಾಗುವ ದಾರಿ ಕಾಣುತ್ತಿಲ್ಲ ಎಂಬ ಧಾಟಿ. ಕಾರಣ ಇಲ್ಲ. ಆ ಹೊತ್ತಿಗೆ ಆಕೆ ಒಂದೆರಡು ತಿಂಗಳ ಬಸುರಿ ಎಂಬುದು ಈಗ ನಮಗೆ ಗೊತ್ತಿರುವುದರಿಂದ ಸಾಲು ಸಾಲೂ ಬಿಡಿಸಿಕೊಳ್ಳುತ್ತದೆ. ಕೆರೊಲಿನ್ ಮೊದಲ ಬಾರಿ ಓದಿದಾಗ ಅದು ಬರೀ ಚಳಿಗಾಲದ ಮಂಕು ಎನಿಸಿದ್ದರೆ ಆಶ್ಚರ್ಯವಿಲ್ಲ. ಆ ವರ್ಷ ರೋಮಿನಲ್ಲಿ ಮಳೆ ಬಿಟ್ಟೂಬಿಡದೆ ಹೊಡೆದಿತ್ತು, ಆಕೆಯ ತಲೆನೋವಿನ ದೂರು ಎಲ್ಲರಿಗೂ ಹಳೆಯದೇ.

ಎಮರ್ಸನ್ ಆಗ ಇಂಗ್ಲೆಂಡಿನಲ್ಲಿ ಉಪನ್ಯಾಸ ಕೊಡುತ್ತಿದ್ದ. ಯೂರೋಪಿನಲ್ಲೆಲ್ಲ ಕ್ರಾಂತಿ ಹೊತ್ತಿಕೊಂಡಿದೆ, ನನ್ನ ಜತೆಗೇ ಹೊರಟು ಬಾ, ಒಟ್ಟಿಗೆ ಊರಿಗೆ ಹೋಗೋಣ ಎಂದು ಒತ್ತಾಯಿಸಿ ಬರೆದ. ಸ್ನೇಹಿತನ ಮಾತು, ಹಡಗಿನ ಜತೆ, ಊರಿನ ಆಸೆ, ಮೂರೂ ಕೂಡಿಬಂದಿದ್ದವು. ಆಕೆ ಬರಲಾಗದು ಎಂದಳು, ಯಾಕೆಂದು ಹೇಳಲಿಲ್ಲ. ಜುಲೈಯಲ್ಲಿ ಆತ ಒಬ್ಬನೇ ಹಡಗು ಹತ್ತಿದ. ಏಳು ತಿಂಗಳ ಹೊಟ್ಟೆ ಹೊತ್ತು ಆತನ ಪಕ್ಕದಲ್ಲಿ ಕುಳಿತು ಆತನ ಊರಾದ ಕಾಂಕರ್ಡಿಗೆ ಹೋಗುವುದು ಹೇಗೆ ಸಾಧ್ಯವಿತ್ತು? ಈ ಗುಟ್ಟು ಆಗ ಗೊತ್ತಿದ್ದವರಲ್ಲಿ ಮಿಕಿಯೆವಿಚ್ ಒಬ್ಬ. ಬಾಸ್ಟನ್ನಿನ ಇಪ್ಪತ್ತು ವರ್ಷದ ಗೆಳೆಯರಿಗೆ ಹೇಳದ್ದನ್ನು ಸುಮಾರು ಒಂದು ವರ್ಷದ ಪರಿಚಯದ ಪೋಲಿಷ್ ಕವಿಗೆ ಹೇಳಿದಳು. ದೂರದ ನಾಡಿನಲ್ಲಿ ನೆಂಟಸ್ತಿಕೆ ಹಾಗೆ ಬದಲಾಗುತ್ತದೆ. ನಮ್ಮನ್ನು ಹೊಸದಾಗಿ ಕಂಡವರ ಎದುರು ನಾವು ಹಳೆಯ ಮಾನ ಕಾಯಬೇಕಿಲ್ಲ.

ಬೇಸಿಗೆಯಲ್ಲಿ ಆಕೆ ಬೆಟ್ಟದ ಕಡೆ ಹೋದಳು. ಮೊದಲು ಅಬ್ರುಟ್ಸಿಯ ಆಕ್ವಿಲ. ಅದು ನೇಪಲ್ಸ್ ರಾಜ್ಯದ ಊರು, ಸೈನಿಕರ ಓಡಾಟ ಹೆಚ್ಚಾಯಿತು, ರೋಮಿಗೂ ಬಲು ದೂರ. ಅಲ್ಲಿಂದ ಪೋಪನ ಸೀಮೆಯೊಳಗಿನ ರಿಯೇತಿ ಎಂಬ ಪಟ್ಟಣಕ್ಕೆ ಬಂದಳು. ಒಸ್ಸೋಲಿ ರೋಮಿನ ನಾಗರಿಕ ಪಡೆಯಲ್ಲಿದ್ದ. ರಜೆ ಸಿಕ್ಕ ಶನಿವಾರ ರಾತ್ರಿ ಹೊರಟು ಭಾನುವಾರ ನೋಡಿಕೊಂಡು ಹೋಗಲು ಅದು ಹತ್ತಿರ. ಸೆಪ್ಟೆಂಬರ್ 5ರಂದು ಹೆರಿಗೆ. ಆಂಜೆಲೊ ಯೂಜೆನೆ ಫಿಲಿಪ್ಪೊ ಎಂದು ಹೆಸರು, ಕರೆಯುವುದು ನೀನೊ. ಮೂವತ್ತೆಂಟರ ಚೊಚ್ಚಲು. ಬಾಣಂತನಕ್ಕೆ ತವರಿಲ್ಲ, ತಾಯಿಗೆ ವಿಷಯವೇ ಗೊತ್ತಿಲ್ಲ. ಸುತ್ತ ಇದ್ದವರು ಬಾಡಿಗೆಗೆ ಮನೆ ಕೊಟ್ಟವರು ಮತ್ತು ಹಾಲೂಡಿಸಲು ಗೊತ್ತು ಮಾಡಿದ ಕ್ಯಾರಾ ಎಂಬ ದಾದಿ.

ಈ ತಿಂಗಳುಗಳಲ್ಲಿ ಫುಲರ್ ಮತ್ತು ಒಸ್ಸೋಲಿ ಒಬ್ಬರಿಗೊಬ್ಬರು ಇಟಾಲಿಯನ್ ಭಾಷೆಯಲ್ಲಿ ಬರೆದ ಕಾಗದಗಳು ಉಳಿದಿವೆ. ವಿದ್ವತ್ತಿನ ಸೋಂಕಿಲ್ಲದ ಕಾಗದಗಳು. ದುಡ್ಡು ಬಂತೇ, ಟಪಾಲು ತಪ್ಪಿತೇ, ಪಡೆಗೆ ರೋಮ್ ಬಿಟ್ಟು ಹೋಗುವ ಅಪ್ಪಣೆ ಬರುತ್ತದೆಯೇ, ಕೂಸು ಹಾಲು ಕುಡಿಯಿತೇ. ಊರಲ್ಲಿ ಸಿಡುಬು ಹಬ್ಬಿದಾಗ ಮಗುವಿಗೆ ದೇವಿ ಹಾಕಿಸಬೇಕೆಂದು ಆಕೆ ಪಟ್ಟ ಪಾಡು ಕಾಗದದಿಂದ ಕಾಗದಕ್ಕೆ ಹರಿಯುತ್ತದೆ: ಊರಿನ ವೈದ್ಯ ಇಂದು ನಾಳೆ ಎನ್ನುತ್ತಾನೆ, ಲಸಿಕೆಯ ವಸ್ತು ರೋಮಿನಿಂದ ತರಿಸಬೇಕು. ಜರ್ಮನ್ ಕವಿ ಗಯಟೆಯನ್ನು ಅನುವಾದಿಸಿದ ಕೈ ಇಲ್ಲಿ ಮನೆಗೆಲಸದ ಇಟಾಲಿಯನ್ನಿನಲ್ಲಿ ಬೇಡುತ್ತದೆ, ಗದರಿಸುತ್ತದೆ. ಅದೇ ವಾರಗಳಲ್ಲಿ ಅಮೆರಿಕಕ್ಕೆ ಹೋದ ಕಾಗದಗಳಲ್ಲಿ ಬೆಟ್ಟದ ಗಾಳಿ, ದ್ರಾಕ್ಷಿ ತೋಟ, ಇಟಲಿಯ ಕ್ರಾಂತಿಯ ಬಗ್ಗೆ ಬರೆಯುತ್ತಿರುವ ಪುಸ್ತಕ. ಅವೂ ಸುಳ್ಳಲ್ಲ. ಪುಸ್ತಕ ನಿಜವಾಗಿಯೂ ಸಾಗುತ್ತಿತ್ತು.

ಮಗುವಿನ ದೀಕ್ಷಾಸ್ನಾನ ಮುಗಿದ ಮೇಲೆ, ನವೆಂಬರಿನಲ್ಲಿ, ಆಕೆ ನೀನೊನನ್ನು ದಾದಿಯ ಬಳಿ ಬಿಟ್ಟು ರೋಮಿಗೆ ಬಂದಳು. ವರದಿ ಬರೆಯದಿದ್ದರೆ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ದಾದಿ ಇಲ್ಲ. ಬಂದ ಕೆಲವೇ ದಿನಗಳಲ್ಲಿ ರೊಸ್ಸಿಯ ಕೊಲೆಯಾಯಿತು. ಮರುದಿನ, ನವೆಂಬರ್ 16ರಂದು, ತಾಯಿಗೆ ಉದ್ದನೆಯ ಕಾಗದ ಬರೆದಳು. ಕೊಲೆಯ ವಿವರ, ಪೋಪನ ಅರಮನೆಯ ಮುಂದಿನ ಗುಂಪು, ಗುಂಡಿನ ಸದ್ದು. ಅದರ ನಡುವೆ ಒಂದು ತಿರುವು: ನನ್ನ ಪರಿಸ್ಥಿತಿಯನ್ನು ಇನ್ನಷ್ಟು ಗೋಜಲು ಮಾಡಿರುವ ಸಂಗತಿಗಳಿವೆ, ಅವನ್ನು ಬರೆಯಲಾರೆ, ನೀನು ಇಲ್ಲಿದ್ದಿದ್ದರೆ ಎಲ್ಲವನ್ನೂ ಹೇಳುತ್ತಿದ್ದೆ, ಎಷ್ಟೋ ರಾತ್ರಿ ಮನಸ್ಸಿನಲ್ಲೇ ನಿನಗೆ ಹೇಳಿದ್ದೇನೆ. ಈ ಅರ್ಥದ ಮಾತುಗಳು. ಮಗಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ತಾಯಿಗೆ ತಿಳಿಯುವಷ್ಟು ಹೇಳಿ, ಏನೆಂದು ತಿಳಿಯದಷ್ಟು ಬಿಟ್ಟದ್ದು. ಇಷ್ಟಕ್ಕೆ ನಿಲ್ಲಿಸುವುದು ಕ್ರೌರ್ಯವೇ ಎಂದು ಕೇಳಬಹುದು. ನನಗೆ ಹಾಗೆ ಕಾಣುವುದಿಲ್ಲ. ಒಂದು ವೇಳೆ ತಾನು ಇಲ್ಲೇ ಸತ್ತು, ಮುಂದೆಂದಾದರೂ ಯಾರೋ ಮಗುವಿನ ಸುದ್ದಿ ತಂದರೆ, ಆ ಸುದ್ದಿ ನಂಬುವುದಕ್ಕೆ ಬೇಕಾದ ನೆಲೆಯನ್ನು ಈ ಕಾಗದ ಮೊದಲೇ ಹಾಕಿಡುತ್ತದೆ. ಇದು ನನ್ನ ಊಹೆ ಮಾತ್ರವಲ್ಲ: ಅದೇ ವರ್ಷದ ವಸಂತದಲ್ಲಿ, ಹೆರಿಗೆಗೆ ಹೋಗುವ ಮುನ್ನ, ಆಕೆ ತನ್ನ ಚಿತ್ರ ಬರೆದ ಕಲಾವಿದ ಥಾಮಸ್ ಹಿಕ್ಸ್‌ನ ಕೈಯಲ್ಲಿ ತಾನು ಸತ್ತರೆ ಮನೆಯವರಿಗೆ ತಲುಪಿಸಬೇಕಾದ್ದನ್ನು ಒಪ್ಪಿಸಿ ಹೋಗಿದ್ದಳು.

ಏಕೆ ಇಷ್ಟು ಮುಚ್ಚುಮರೆ? ಬಾಸ್ಟನ್ನಿನ ಬಾಯಿಗೆ ಹೆದರಿ ಎನ್ನುವುದು ಸುಲಭದ ಉತ್ತರ, ಅದರಲ್ಲಿ ನಿಜವೂ ಇದೆ. ಮದುವೆಯ ದಾಖಲೆ ಇದುವರೆಗೆ ಸಿಕ್ಕಿಲ್ಲ; ಮದುವೆ ಯಾವಾಗ, ಆಯಿತೇ ಎಂದು ಆಕೆಯ ಜೀವನಚರಿತ್ರೆ ಬರೆದವರು ಇಂದಿಗೂ ಜಗಳವಾಡುತ್ತಾರೆ. ಆದರೆ ಕಾಗದಗಳನ್ನು ಓದಿದರೆ ಹಣದ ಮಾತೇ ಮುಂದೆ ಬರುತ್ತದೆ. ಪ್ರಾಟೆಸ್ಟೆಂಟ್ ವಿದೇಶಿ ಹೆಂಗಸಿನ ವಿಷಯ ಹೊರಬಿದ್ದರೆ ಒಸ್ಸೋಲಿಗೆ ಪಿತ್ರಾರ್ಜಿತದ ಪುಡಿಗಾಸೂ ದಕ್ಕುವುದಿಲ್ಲ. ಫುಲರ್‌ಗೋ ಊರಲ್ಲಿದ್ದ ಅನುಕೂಲಸ್ಥ, ತಂದೆಯ ಸೋದರ, ಸಾಯುವಾಗ ಬಿಟ್ಟುಹೋದದ್ದು ಲೆಕ್ಕಕ್ಕೆ ಬಾರದಷ್ಟು. ಉಳಿದದ್ದು ವರದಿಗಾರಿಕೆಯ ಸಂಬಳ. ಗುಟ್ಟು ಕಾಯುವುದಕ್ಕೂ ಬೆಲೆ ತೆರಬೇಕಾಯಿತು: ಸಾಲ ಕೇಳುವಾಗ ಯಾತಕ್ಕೆಂದು ಹೇಳುವಂತಿಲ್ಲ. ಒಂಟಿ ಹೆಂಗಸಿಗೆ ರೋಮಿನಲ್ಲಿ ಅಷ್ಟು ಖರ್ಚು ಹೇಗೆ ಎಂದು ಕೊಡುವವರಿಗೆ ಅನ್ನಿಸದೇ ಇರುತ್ತದೆಯೇ?

1849ರ ಫೆಬ್ರವರಿ 9ರಂದು ರೋಮ್ ಗಣರಾಜ್ಯವೆಂದು ಘೋಷಣೆಯಾಯಿತು. ಮಾಟ್ಸೀನಿ ಬಂದು ಮೂವರು ಆಳುಗರಲ್ಲಿ ಒಬ್ಬನಾದ. ಲಂಡನ್ನಿನಲ್ಲಿ ಬೀದಿ ಹುಡುಗರಿಗೆ ಪಾಠ ಹೇಳುತ್ತಿದ್ದವನು ಈಗ ರೋಮನ್ನು ಆಳುತ್ತಿದ್ದ. ಫುಲರ್‌ಳ ಮನೆಗೂ ಬಂದು ಹೋದ. ಪೋಪನನ್ನು ಮರಳಿ ಕೂರಿಸಲು ಹೊರಟದ್ದು, ತಾನೇ ಹೊಸದಾಗಿ ಗಣರಾಜ್ಯವಾಗಿದ್ದ ಫ್ರಾನ್ಸ್! ಮಾರ್ಚ್ ಕೊನೆಯಲ್ಲಿ ರಿಯೇತಿಗೆ ಹೋಗಿದ್ದ ಫುಲರ್ ಏಪ್ರಿಲ್ ನಡುವಿಗೆ ರೋಮಿಗೆ ವಾಪಸಾದಳು. ಹತ್ತು ದಿನವೂ ಆಗಿರಲಿಲ್ಲ, ಫ್ರೆಂಚ್ ಜನರಲ್ ಊದಿನೋನ ಪಡೆ ಚೀವಿಟಾವೆಕ್ಯ ಬಂದರಿನಲ್ಲಿ ಇಳಿಯಿತು. ಇನ್ನೊಂದು ವಾರ ತಡೆದಿದ್ದರೆ ಮಗುವಿನ ಜತೆಗೇ ಉಳಿಯುತ್ತಿದ್ದಳು.

ಏಪ್ರಿಲ್ 30ರಂದು ಗಣರಾಜ್ಯದ ಪರ ನಿಂತ ಗ್ಯಾರಿಬಾಲ್ಡಿಯ ದಂಡು ಫ್ರೆಂಚರನ್ನು ಹಿಮ್ಮೆಟ್ಟಿಸಿತು. ಅದೇ ತಾರೀಕಿನ ಒಂದು ಚೀಟಿ ಫುಲರ್ ಕೈ ಸೇರಿತು. ಬರೆದವಳು ಮಿಲಾನಿನ ರಾಜಕುಮಾರಿ ಕ್ರಿಸ್ತೀನ ಬೆಲ್ಜಿಯೊಯೋಸೊ. ಗಾಯಾಳುಗಳ ಆರೈಕೆಯ ಏರ್ಪಾಡು ಆಕೆಯ ಪಾಲಿಗೆ ಬಂದಿತ್ತು. ತೈಬರ್ ನದಿಯ ನಡುಗಡ್ಡೆಯ ಫಾತೆ ಬೆನೆ ಫ್ರಾತೆಲ್ಲಿ ಆಸ್ಪತ್ರೆಯ ಉಸ್ತುವಾರಿಯನ್ನು ನೀನು ನೋಡಿಕೊಳ್ಳಬೇಕು ಎಂದು ಅಪ್ಪಣೆ. ಮೇ ತಿಂಗಳಲ್ಲಿ ಕದನವಿರಾಮ. ಮುಂದೆ ಸುಯೆಜ್ ಕಾಲುವೆಯಿಂದ ಹೆಸರಾದ ಲೆಸೆಪ್ಸ್ ಫ್ರಾನ್ಸಿನ ಪರವಾಗಿ ಸಂಧಾನ ನಡೆಸಿದ. ಊದಿನೋ ಆ ಸಂಧಾನವನ್ನು ಬದಿಗೊತ್ತಿ ಜೂನ್ 3ರಂದು ದಾಳಿಯಿಟ್ಟ. ಒಂದೇ ದಿನ ಗಾಯಾಳುಗಳು ನೂರುಗಟ್ಟಲೆ ಬಂದರು. ಹೆಚ್ಚಿನವರು ವಿದ್ಯಾರ್ಥಿಗಳು, ಕಲಾವಿದರು. ಫುಲರ್ ಅವರಿಗೆ ಓದಿ ಹೇಳಿದಳು, ಕೈಕಾಲು ಕಳೆದುಕೊಂಡವರ ಪಕ್ಕ ಕೂತಳು, ಚೇತರಿಸಿಕೊಳ್ಳುತ್ತಿದ್ದವರ ಜತೆ ಕ್ವಿರಿನಾಲ್ ಅರಮನೆಯ ತೋಟದಲ್ಲಿ ಅಡ್ಡಾಡಿದಳು. ಪೋಪ್ ಬಿಟ್ಟುಹೋದ ಅರಮನೆಯೂ ಆಗ ಆಸ್ಪತ್ರೆ.

ಈ ತಿಂಗಳ ಕಾಗದಗಳು ನನ್ನ ಮಟ್ಟಿಗೆ ಆಕೆಯ ಎಲ್ಲ ಬರವಣಿಗೆಯಲ್ಲಿ ಅತ್ಯುತ್ತಮವಾದವು. ಮೊದಲಿನ ಪುಸ್ತಕಗಳಲ್ಲಿ ಮೈತುಂಬ ಗ್ರೀಕ್ ಪುರಾಣ ಹೊದ್ದು ಬರುತ್ತಿದ್ದ ವಾಕ್ಯಗಳು ಇಲ್ಲಿ ಬರಿಮೈಯಲ್ಲಿ ನಿಲ್ಲುತ್ತವೆ. ಹಾಗೆ ಬರೆಯುವಾಗಲೂ ತನ್ನ ಮಗುವಿನ ಮಾತು ಬಾಯಿಂದ ಜಾರುವುದಿಲ್ಲ. ಆದರೆ ಸಾಯುತ್ತಿರುವ ಹುಡುಗರ ತಾಯಂದಿರು ಮತ್ತೆ ಮತ್ತೆ ಬರುತ್ತಾರೆ: ಹೆತ್ತು, ಹಾಲೂಡಿಸಿ, ಇಷ್ಟು ವರ್ಷ ಕಾಪಾಡಿದ್ದು ಒಂದು ಗುಂಡಿಗಾಗಿ ಎನ್ನುವ ಸಂಕಟ. ಓದುಗರಿಗೆ ಅದು ಸಾಮಾನ್ಯ ಮರುಕವಾಗಿ ಕಂಡಿತು. ಎಂಬತ್ತು ಕಿಲೋಮೀಟರಿನಷ್ಟು ದೂರದಲ್ಲಿ ಎಂಟು ತಿಂಗಳ ಮಗುವನ್ನು ಬಿಟ್ಟು, ದಾರಿ ಕಡಿದುಹೋಗಿ, ಮುಂದೆ ದುಡ್ಡು ಕಳಿಸದಿದ್ದರೆ ಕೂಸನ್ನು ಕೈಬಿಡುತ್ತೇವೆಂದು ರಿಯೇತಿಯಿಂದ ಬಂದ ಬೆದರಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳು ಬರೆದದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಬಾಯಿಬಿಟ್ಟು ಹೇಳಿದ್ದು ಮುತ್ತಿಗೆಯ ಹೊತ್ತಿನಲ್ಲೇ. ರೋಮಿನಲ್ಲಿದ್ದ ಅಮೆರಿಕದ ಗೆಳತಿ ಎಮೆಲಿನ್ ಸ್ಟೋರಿಯನ್ನು ಕರೆಸಿ, ಮಗುವಿನ ಹುಟ್ಟಿಗೆ ಸಂಬಂಧಿಸಿದ ಕಾಗದಪತ್ರದ ಕಟ್ಟೊಂದನ್ನು ಅವಳ ವಶಕ್ಕೆ ಕೊಟ್ಟಳು. ನಾವಿಬ್ಬರೂ ಸತ್ತರೆ ಮಗುವನ್ನು ಅಮೆರಿಕಕ್ಕೆ, ನನ್ನ ತಾಯಿಯ ಬಳಿಗೆ ತಲುಪಿಸು ಎಂಬ ಕೋರಿಕೆ. ಕೊನೆಯ ದಿನಗಳಲ್ಲಿ ಅಮೆರಿಕದ ಪ್ರತಿನಿಧಿ ಲೂಯಿಸ್ ಕ್ಯಾಸ್‌ನಿಗೂ ಹೇಳಿದಳು. ಒಸ್ಸೋಲಿ ಪಿಂಚಿಯೊ ಗುಡ್ಡದ ಮೇಲಿನ ಫಿರಂಗಿಯ ಬಳಿ ಕಾವಲಿದ್ದ, ಅದು ಹೆಚ್ಚು ಗುಂಡು ಬೀಳುವ ಜಾಗ. ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದಾಗ ತಾನೂ ಅಲ್ಲಿಗೆ ಹೋಗುತ್ತೇನೆ ಎಂದು ಕ್ಯಾಸ್‌ಗೆ ತಿಳಿಸಿ ಹೋದಳು. ಆ ರಾತ್ರಿ ಗುಂಡು ಬೀಳಲಿಲ್ಲ.

ಜುಲೈ 3ರಂದು ಫ್ರೆಂಚರು ಒಳಗೆ ಬಂದರು. ಗಣರಾಜ್ಯದ ಪರ ಕಾದಾಡಿದ ಒಸ್ಸೋಲಿಗೆ ರೋಮಿನಲ್ಲಿ ಉಳಿಗಾಲವಿರಲಿಲ್ಲ. ಇಬ್ಬರೂ ರಿಯೇತಿಗೆ ಹೋದರು. ಅಲ್ಲಿ ಕಂಡದ್ದು ಎಲುಬುಗೂಡಾದ ಮಗು. ಹಣ ನಿಂತಿದ್ದರಿಂದ ದಾದಿ ಹಾಲು ನಿಲ್ಲಿಸಿ, ವೈನಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ ಜೀವ ಹಿಡಿದಿಟ್ಟಿದ್ದಳು. ರೋಮಿನ ಮೇಲೆ ಬಿದ್ದ ಗುಂಡುಗಳಿಂದ ದೂರ ಬೆಟ್ಟದಲ್ಲಿದ್ದ ಕೂಸು ಬೆಟ್ಟದಲ್ಲೇ ಸಾಯುವ ಸ್ಥಿತಿಗೆ ಬಂದಿತ್ತು. ಬೇರೆ ದಾದಿ ಸಿಕ್ಕಳು. ವಾರಗಟ್ಟಲೆ ಹಗಲೂ ಇರುಳೂ ಕೂತು ಕಾದ ಮೇಲೆ ಮಗು ಚೇತರಿಸಿಕೊಂಡಿತು. ಅದೇ ಬೇಸಿಗೆಯಲ್ಲಿ ಗ್ರೀಲಿಯ ಕಾಗದ ಬಂತು: ಪಿಕ್ಕಿ ಕಾಲರಾಕ್ಕೆ ತೀರಿಕೊಂಡಿದ್ದ, ಐದು ವರ್ಷ. ಗ್ರೀಲಿಗೆ ಫುಲರ್‌ಳ ಮಗುವಿನ ವಿಷಯ ತಿಳಿದದ್ದು ಆಮೇಲೆ. ತನ್ನ ಮಗ ಹೋದದ್ದನ್ನು, ಮಕ್ಕಳಿಲ್ಲದವಳೆಂದು ತಿಳಿದುಕೊಂಡೇ ಆತ ಆಕೆಗೆ ಬರೆದಿದ್ದ.

ಆಗಸ್ಟ್ ಕೊನೆಗೆ ಕಾಗದಗಳು ಒಂದರ ಹಿಂದೆ ಒಂದು ಹೊರಟವು. ಕೆರೊಲಿನ್‌ಗೆ ಇಷ್ಟರಲ್ಲೇ ಗೊತ್ತಿತ್ತು, ಅವಳಿಗೆ ಬರೆದದ್ದರಲ್ಲಿ ದುಗುಡ ತುಂಬಿದೆ, ಮುಚ್ಚುಮರೆಯಿಲ್ಲ. ತಾಯಿಗೆ ಬರೆದದ್ದು ಬಹಳ ಜೋಪಾನದ ಕಾಗದ: ಇದುವರೆಗೆ ಹೇಳದಿದ್ದುದು ನಿನ್ನನ್ನು ಚಿಂತೆಗೆ ಹಚ್ಚಬಾರದೆಂದು, ಆತ ಓದಿದವನಲ್ಲ, ಆದರೆ ಒಳ್ಳೆಯವನು, ನನ್ನನ್ನು ಪ್ರೀತಿಸುತ್ತಾನೆ. ತಾಯಿ ಹರಸಿ ಬರೆದಳು. ಇಟಲಿಯ ಸಿರಿವಂತ ಗೆಳತಿ ಕೊಸ್ತಾಂತ್ಸ ಅರ್ಕೊನಾತಿ ಸುದ್ದಿ ತಿಳಿದ ಮೇಲೂ ಮೊದಲಿನಷ್ಟೇ ಆದರದಿಂದ ನಡೆದುಕೊಂಡಳು. ಅಮೆರಿಕದ ಗೆಳೆಯರ ಉತ್ತರಗಳಲ್ಲಿ ಮಾತ್ರ ಒಂದು ತಡವರಿಕೆ. ಪ್ರಶ್ನೆ ಕೇಳಿದವರು ಕೆಲವರು, ಸುಮ್ಮನಾದವರು ಕೆಲವರು. ಎಡ್ಡಿಯ ಪಾಠಕ್ಕೆಂದು ಯೂರೋಪಿಗೆ ಕರೆತಂದಿದ್ದ ಸ್ಪ್ರಿಂಗ್ ದಂಪತಿಯೇ, ಸದ್ಯ ಇಟಲಿಯಲ್ಲೇ ಇರುವುದು ಒಳ್ಳೆಯದು ಎಂದು ಬರೆದರು. ಎಮರ್ಸನ್ನನ ಸಲಹೆಯೂ ಅದೇ.

ರಿಯೇತಿಯಿಂದ ಮೂವರೂ ಫ್ಲಾರೆನ್ಸಿಗೆ ಹೋದರು. ಅಲ್ಲಿ ಕಳೆದ ಆ ಚಳಿಗಾಲದ ಕಾಗದಗಳ ಗತ್ತೇ ಬೇರೆ. ಈಗ ಮಗು ಎಲ್ಲೆಲ್ಲೂ ಇದೆ. ನೀನೊ ನಗುವುದು, ಕುಣಿಯುವುದು, ಬೆಳಗಾದರೆ ಬಂದು ಎಬ್ಬಿಸುವುದು, ಸ್ನಾನದ ನೀರನ್ನು ಚೆಲ್ಲಾಡುವುದು. ಒಂದು ವರ್ಷ ಬಾಯಿ ಕಟ್ಟಿಕೊಂಡಿದ್ದವಳು ಎಲ್ಲವನ್ನೂ ಒಮ್ಮೆಗೇ ಹೇಳಿಬಿಡುವ ಅವಸರದಲ್ಲಿದ್ದಳೇನೋ. ಅದೇ ಊರಿನಲ್ಲಿ ಇಂಗ್ಲಿಷ್ ಕವಿ ದಂಪತಿ ಎಲಿಜಬೆತ್ ಮತ್ತು ರಾಬರ್ಟ್ ಬ್ರೌನಿಂಗ್ ಇದ್ದರು, ಅವರ ಮಗ ನೀನೊಗಿಂತ ಆರು ತಿಂಗಳು ಚಿಕ್ಕವನು. ಎರಡು ಮನೆಗೂ ಹೋಗಿಬರುವ ಬಳಕೆಯಾಯಿತು. ಬೆಳಗಿನ ಹೊತ್ತು ಪುಸ್ತಕದ ಕೆಲಸ. ಸಂಜೆ ಒಲೆಯ ಮುಂದೆ ಒಸ್ಸೋಲಿ ಕೂತಿರುತ್ತಿದ್ದ. ಬರುವ ಅಮೆರಿಕನ್ನರ ಮಾತು ಅವನಿಗೆ ಅರ್ಥವಾಗುತ್ತಿರಲಿಲ್ಲ. ಬಂದವರಿಗೆ ಅದೇ ಹರಟೆಯ ಸರಕು.

ಪುಸ್ತಕ ಮಾರಬೇಕಾದರೆ ಅಮೆರಿಕಕ್ಕೇ ಹೋಗಬೇಕು. ಉಗಿ ಹಡಗಿಗೆ ದುಡ್ಡು ಸಾಲದು. 1850ರ ಮೇ 17ರಂದು ಲಿವೋರ್ನೊದಿಂದ 'ಎಲಿಜಬೆತ್' ಎಂಬ ಸರಕಿನ ಹಾಯಿ ಹಡಗು ಹತ್ತಿದರು. ಕೆಳಗೆ ಕರಾರದ ಅಮೃತಶಿಲೆ, ಮೇಲೆ ಮಗುವಿನ ಹಾಲಿಗೆಂದು ಕಟ್ಟಿದ ಒಂದು ಆಡು. ಜಿಬ್ರಾಲ್ಟರ್ ತಲುಪುವಾಗ ಕಪ್ತಾನ ಹೇಸ್ಟಿ ಸಿಡುಬಿನಿಂದ ಸತ್ತ. ಮಗುವಿಗೂ ಸಿಡುಬು ಬಂತು, ಉಳಿಯಿತು. ಅನುಭವ ಸಾಲದ ಮೇಟ್ ಹಡಗು ನಡೆಸಿದ. ಜುಲೈ 19ರ ನಸುಕಿನಲ್ಲಿ, ನ್ಯೂಯಾರ್ಕ್ ಇನ್ನೇನು ಬಂತು ಎನ್ನುವಾಗ, ಬಿರುಗಾಳಿಗೆ ಸಿಕ್ಕಿ ಫೈರ್ ಐಲ್ಯಾಂಡಿನ ಮರಳದಿಣ್ಣೆಗೆ ಹಡಗು ಬಡಿಯಿತು. ದಡ ಕಣ್ಣಳತೆಯಲ್ಲೇ ಇತ್ತು. ಅಲ್ಲಿ ಜನರೂ ಇದ್ದರು, ತೇಲಿಬಂದದ್ದನ್ನು ಆಯುತ್ತಾ. ಕಪ್ತಾನನ ಹೆಂಡತಿಯೂ ಕೆಲವು ನಾವಿಕರೂ ದಡ ಸೇರಿ ಬದುಕಿದರು. ಮಗುವನ್ನು ಬಿಟ್ಟು ನೀರಿಗಿಳಿಯಲು ಫುಲರ್ ಒಪ್ಪಲಿಲ್ಲ. ಕೊನೆಗೆ ಹಡಗಿನ ಸ್ಟುವರ್ಡ್ ನೀನೊನನ್ನು ಎತ್ತಿಕೊಂಡು ಹಾರಿದ. ಇಬ್ಬರ ಹೆಣಗಳೂ ದಡಕ್ಕೆ ಬಂದವು. ತಾಯಿತಂದೆಯ ಹೆಣ ಸಿಗಲಿಲ್ಲ.

ಎಮರ್ಸನ್ ತಕ್ಷಣ ತೊರೋನನ್ನು ಅಲ್ಲಿಗೆ ಕಳಿಸಿದ, ಹಸ್ತಪ್ರತಿ ಸಿಕ್ಕೀತೆಂದು. ತೊರೋಗೆ ಸಿಕ್ಕಿದ್ದು ಒಸ್ಸೋಲಿಯ ಕೋಟಿನ ಒಂದು ಗುಂಡಿ. ರೋಮ್ ಕ್ರಾಂತಿಯ ಚರಿತ್ರೆ ಸಮುದ್ರದ ಪಾಲಾಯಿತು. ದಡಕ್ಕೆ ಬಂದ ಪೆಟ್ಟಿಗೆಯಲ್ಲಿ ಉಳಿದದ್ದು ಕೆಲವು ಕಾಗದಗಳು. ದುಡ್ಡು, ಹಾಲು, ಸಿಡುಬಿನ ಬಗ್ಗೆ ಗಂಡಹೆಂಡಿರು ಬರೆದುಕೊಂಡವೂ ಅವುಗಳಲ್ಲಿದ್ದವು. ಈಗ ಹಾರ್ವರ್ಡಿನ ಹೌಟನ್ ಗ್ರಂಥಾಲಯದಲ್ಲಿವೆ.

ಇನ್ನು ಗೆಳೆಯರ ಬಳಿ ಇದ್ದ ಕಾಗದಗಳು. ಎಮರ್ಸನ್, ವಿಲಿಯಂ ಹೆನ್ರಿ ಚಾನಿಂಗ್, ಜೇಮ್ಸ್ ಫ್ರೀಮನ್ ಕ್ಲಾರ್ಕ್ ಸೇರಿ 1852ರಲ್ಲಿ ಆಕೆಯ ಸ್ಮರಣ ಸಂಪುಟಗಳನ್ನು ತಂದರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಅದಕ್ಕಾಗಿ ಕಾಗದಗಳನ್ನು ಕತ್ತರಿಸಿದರು, ಅಂಟಿಸಿದರು, ಕೆಲವು ಸಾಲುಗಳ ಮೇಲೆ ಮಸಿ ಬಳಿದರು, ಬೇರೆ ಬೇರೆ ತಾರೀಕಿನವನ್ನು ಒಂದೇ ಕಾಗದವಾಗಿ ಹೊಲಿದರು. ಆಕೆಯ ಮಾನ ಕಾಯುವ ಉದ್ದೇಶವೇ ಇರಬಹುದು. ಆದರೆ ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂದು ಬದುಕಿದ್ದಾಗ ಅಷ್ಟು ಎಚ್ಚರದಿಂದ ಆಯ್ದವಳ ಆಯ್ಕೆಯನ್ನೇ ಅವರು ಕಲಸಿಬಿಟ್ಟರು. ತಾರೀಕು ಹೋದರೆ ಈ ಕಾಗದಗಳ ಜೀವವೇ ಹೋಯಿತು. ಸಂಪಾದಕ ರಾಬರ್ಟ್ ಹಡ್‌ಸ್ಪೆತ್ ಸಿಕ್ಕಲ್ಲೆಲ್ಲ ಮೂಲ ಪ್ರತಿಗೆ ಹೋಗಿ, ಆರು ಸಂಪುಟಗಳಲ್ಲಿ ಅವನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ 1994 ಬಂದಿತ್ತು. 1848 ಮತ್ತು 49ರದ್ದು ಐದನೆಯ ಸಂಪುಟ.

ನಡುವೆ ಇನ್ನೊಂದು ಪ್ರಸಂಗ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ 1858ರಲ್ಲಿ ಇಟಲಿಗೆ ಹೋದಾಗ ಶಿಲ್ಪಿ ಜೋಸೆಫ್ ಮೋಜಿಯರ್ ಆತನ ಕಿವಿಗೆ ಕೆಲವು ಮಾತು ಹಾಕಿದ: ಒಸ್ಸೋಲಿ ದಡ್ಡ, ಫುಲರ್‌ಗೆ ಕೊನೆಕೊನೆಗೆ ಬರೆಯುವ ಶಕ್ತಿಯೇ ಉಳಿದಿರಲಿಲ್ಲ, ಮುಳುಗಿದ್ದೆನ್ನುವ ಆ ಚರಿತ್ರೆಯ ಪುಸ್ತಕ ಇದ್ದದ್ದೇ ಸುಳ್ಳು. ಹಾಥಾರ್ನ್ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ತನ್ನದೇ ಒಗ್ಗರಣೆ ಹಾಕಿ ಬರೆದಿಟ್ಟ. ಮಗ ಅದನ್ನು 1884ರಲ್ಲಿ ಅಚ್ಚು ಹಾಕಿಸಿದ. ಮೋಜಿಯರ್ ಹೊರಗಿನವನಲ್ಲ, 1847ರಲ್ಲಿ ಫ್ಲಾರೆನ್ಸಿನಲ್ಲಿ ಆಕೆ ಕಾಯಿಲೆ ಬಿದ್ದಾಗ ಮನೆಯಲ್ಲಿಟ್ಟುಕೊಂಡು ನೋಡಿಕೊಂಡ ಕುಟುಂಬ ಅವನದು. ಆ ಮಾತನ್ನು ನಂಬಿದ ವಿಮರ್ಶಕರು ಮುಂದೆ ಎಷ್ಟೋ ಮಂದಿ. ಆದರೆ ಎರಡು ವರ್ಷಗಳುದ್ದಕ್ಕೂ, ರಿಯೇತಿಯಿಂದಲೂ ರೋಮಿನಿಂದಲೂ ಫ್ಲಾರೆನ್ಸಿನಿಂದಲೂ, ಆ ಪುಸ್ತಕ ಎಷ್ಟು ಮುಂದುವರಿಯಿತು, ಯಾವ ಪ್ರಕಾಶಕರು ಒಪ್ಪಬಹುದು, ಎಷ್ಟು ದುಡ್ಡು ಬಂದೀತು ಎಂದು ಆಕೆ ಒಬ್ಬರಲ್ಲ ಇಬ್ಬರಲ್ಲ, ಹಲವು ಗೆಳೆಯರಿಗೆ ಬರೆದಿದ್ದಾಳೆ. ಮಗುವಿನ ವಿಷಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಳತೆ ಹಿಡಿದವಳು ಪುಸ್ತಕದ ವಿಷಯದಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿದ್ದಾಳೆ.